ರಾಗಿಕಾಳಿನಷ್ಟು ಕಣ್ಣು

ಮೊನ್ನೆ ಗೆಳೆಯನೊಬ್ಬ ಹೊಸ ಲ್ಯಾಪ್‌ಟಾಪ್ ಕೊಳ್ಳೋಕೆ ಹೊರಟವನು ಫೋನ್ ಮಾಡಿ, "ಡಿಸೈನ್ ಕೆಲಸಕ್ಕೆ 4ಕೆ ಪರದೆ ತಗೊಳ್ಳಲಾ?" ಅಂತ ಕೇಳಿದ. ತಗೋ ಅಂದೆ. ಆದ್ರೆ ಆಮೇಲೆ ನನ್ನ ಹಳೇ ಕಥೆ ನೆನಪಾಗಿ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

2015ರಲ್ಲಿ ನಾನೂ ಅಂಥದ್ದೇ ಒಂದು ಕೊಂಡಿದ್ದೆ. 15.6 ಇಂಚಿನ ಪರದೆ, 3840×2160 ಪಿಕ್ಸೆಲ್. ಅಷ್ಟೇ ಅಗಲದ ನನ್ನ ಹಳೆಯದರಲ್ಲಿ ಇದ್ದದ್ದು 1366×768. ಅಂದ್ರೆ ಇಂಚಿಗೆ ನೂರು ಪಿಕ್ಸೆಲ್ ಇದ್ದ ಕಡೆ ಈಗ 282! ಫೋಟೋಗಳು ನೋಡೋಕೆ ಎಷ್ಟು ಚೆಂದ ಅಂತೀರಿ... ಮನೆಯವರನ್ನೆಲ್ಲ ಕೂರಿಸಿ ಹಳೇ ಆಲ್ಬಮ್ ತೋರಿಸಿದ್ದೇ ತೋರಿಸಿದ್ದು. ಅಪ್ಪ ಮಾತ್ರ "ಅಕ್ಷರ ಇಷ್ಟು ಸಣ್ಣಕ್ಕಿದೆಯಲ್ಲೋ" ಅಂದಿದ್ದರು.

ಎಡವಟ್ಟು ಶುರುವಾದದ್ದು ನನ್ನ ಹಳೇ ಡಿಸೈನ್ ತಂತ್ರಾಂಶ ತೆರೆದಾಗ. ಅದು ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡ್ತಿದ್ದ ಕಾಲದ್ದು, ನುಡಿ ಫಾಂಟಲ್ಲೇ ಕೆಲಸ ಮಾಡ್ತಿದ್ದೆ. ಅಂಥ ತಂತ್ರಾಂಶಗಳಿಗೆ ಪರದೆ ಎಷ್ಟು ದಟ್ಟ ಅನ್ನೋದು ಗೊತ್ತೇ ಇಲ್ಲ. 16 ಪಿಕ್ಸೆಲ್ ಐಕಾನ್ ಅಂದ್ರೆ 16 ಪಿಕ್ಸೆಲ್ಲೇ ಬರೆಯುತ್ತೆ. ಹಳೇ ಪರದೆಯಲ್ಲಿ ಅದು 4 ಮಿಲಿಮೀಟರ್, ಹೆಸರುಕಾಳಿನಷ್ಟು. ಹೊಸದರಲ್ಲಿ ಒಂದೂವರೆ ಮಿಲಿಮೀಟರ್ ಕೂಡ ಇಲ್ಲ, ರಾಗಿಕಾಳು!

ಪರಿಹಾರ ಇರಲಿಲ್ಲ ಅಂತಲ್ಲ. ಫೋಟೋಶಾಪ್‌ನಲ್ಲಿ 2014ರ ಆವೃತ್ತಿಗೇ ಇಂಟರ್‌ಫೇಸನ್ನು 200% ಹಿಗ್ಗಿಸೋ ಆಯ್ಕೆ ಬಂದಿತ್ತು. ಹಳೇ ತಂತ್ರಾಂಶಕ್ಕೆ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿ, ಪಕ್ಕದಲ್ಲಿ ಮ್ಯಾನಿಫೆಸ್ಟ್ ಅನ್ನೋ ಪುಟ್ಟ ಫೈಲ್ ಇಟ್ರೆ ವಿಂಡೋಸೇ ಇಡೀ ಕಿಟಕಿಯನ್ನು ಎಳೆದು ದೊಡ್ಡದು ಮಾಡುತ್ತೆ. ಮಾಡಿ ನೋಡಿದೆ. ಐಕಾನ್ ಜೊತೆ ಚಿತ್ರವೂ ಎಳೆದ ರಬ್ಬರಿನ ಹಾಗೆ ಮಸುಕು. ಸ್ಪಷ್ಟತೆಗೆ ಅಂತ ಅಷ್ಟು ದುಡ್ಡು ಸುರಿದು ಮಸುಕು ನೋಡೋದಾ ಅಂತ ಜಂಬಕ್ಕೆ ತೆಗೆದುಹಾಕಿದೆ. ಕಣ್ಣು ಕಿರಿದು ಮಾಡ್ಕೊಂಡು, ಮುಂದಕ್ಕೆ ಬಾಗಿ ಕೆಲಸ ಮಾಡ್ತಿದ್ದೆ. ಅಭ್ಯಾಸ ಆಯ್ತು ಅಂದ್ಕೊಂಡೆ.

2016ರಲ್ಲಿ ಅಪ್ಪ ಹೋದರು. ವೈಕುಂಠ ಸಮಾರಾಧನೆ ಕಾರ್ಡು ನಾನೇ ಮಾಡ್ತೀನಿ ಅಂದೆ. ಬೇರೆ ಯಾರಿಗೆ ಕೊಡಲಿ? ರಾತ್ರಿ ಒಂದು ಗಂಟೆವರೆಗೆ ಕೂತು ಅವರ ಫೋಟೋದಲ್ಲಿ ಕಾಲರ್ ಸರಿಮಾಡಿದೆ, ಕೆನ್ನೆ ಮೇಲಿನ ನೆರಳು ತೆಗೆದೆ. ಪದರಗಳ ಪಟ್ಟಿಯಲ್ಲಿ ಪ್ರತಿ ಪದರದ ಎಡಕ್ಕೂ ಒಂದು ಕಣ್ಣಿನ ಚಿತ್ರ ಇರುತ್ತೆ ನೋಡಿ, ಅದನ್ನು ಒತ್ತಿದ್ರೆ ಆ ಪದರ ಮಾಯ. ಪದರ ಆರಿಸೋಕೆ ಹೋಗಿ ಆ ರಾಗಿಕಾಳು ಕಣ್ಣನ್ನೇ ಒತ್ತಿದ್ದೆ. ಪರದೆ ತುಂಬ ಅಪ್ಪನ ಮುಖ ಇತ್ತು, ಕೆಳಗಿನ ಸಾಲು ಹೋದದ್ದು ಕಾಣಲೇ ಇಲ್ಲ. ಹಾಗೇ ಪ್ರೆಸ್ಸಿಗೆ ಕಳಿಸಿದೆ.

ಮರುದಿನ ಸಂಜೆ 150 ಕಾರ್ಡು ಬಂತು. ಅಮ್ಮ ಒಂದನ್ನು ಕೈಗೆ ತಗೊಂಡು ತುಂಬಾ ಹೊತ್ತು ನೋಡಿದಳು. ಫೋಟೋ ಚೆನ್ನಾಗಿದೆ ಅಂದಳು. ಸ್ವಲ್ಪ ತಡೆದು, "ದುಃಖತಪ್ತರು ಅಂತ ಇದೆ, ನೀವಿಬ್ಬರು ಇದ್ದೀರಿ... ನಾನಿಲ್ವಲ್ಲೋ?"

ಅವಳ ಹೆಸರು ಮೊದಲಿಗೆ, ದೊಡ್ಡಕ್ಷರದಲ್ಲಿ ಇರಲಿ ಅಂತ ಬೇರೆ ಪದರದಲ್ಲಿ ಇಟ್ಟಿದ್ದೆ.

ಮತ್ತೆ ಅಚ್ಚು ಹಾಕಿಸೋಕೆ ಹೊತ್ತಿರಲಿಲ್ಲ, ಬೆಳಿಗ್ಗೆಯೇ ಹಂಚಬೇಕಿತ್ತು. ಅಕ್ಕ ಬೈಯಲಿಲ್ಲ, ಅದೇ ಕಷ್ಟ. ಅಮ್ಮ ಕನ್ನಡಕ ಹಾಕ್ಕೊಂಡು ಕಪ್ಪು ಪೆನ್ನು ಕೇಳಿದಳು. ಖಾಲಿ ಜಾಗದಲ್ಲಿ ಒಂದೊಂದಾಗಿ ತನ್ನ ಹೆಸರು ತಾನೇ ಬರೆದಳು, 150 ಸಲ. ನಾನು ಪಕ್ಕದಲ್ಲಿ ಕೂತು ಶಾಯಿ ಒಣಗಿದ್ದನ್ನು ಎತ್ತಿಡ್ತಿದ್ದೆ.

ಆವತ್ತೇ ಪರದೆಯನ್ನು 1920×1080ಕ್ಕೆ ಇಳಿಸಿಬಿಟ್ಟೆ. ಸರಿಯಾಗಿ ಅರ್ಧ, ನಾಲ್ಕು ಪಿಕ್ಸೆಲ್ ಸೇರಿ ಒಂದು. 2017ರ ವಿಂಡೋಸ್ 10 ಅಪ್‌ಡೇಟ್ ಬಂದ ಮೇಲೆ ರಿಜಿಸ್ಟ್ರಿ ತಂಟೆಯೂ ತಪ್ಪಿತು. ಪ್ರೋಗ್ರಾಮಿನ ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿಯಲ್ಲಿ ಹೈ ಡಿಪಿಐ ಅಂತ ಇರೋ ಕಡೆ 'ಸಿಸ್ಟಮ್' ಅಂತ ಆರಿಸಿದ್ರೆ ಆಯ್ತು. ಚಿತ್ರ ಮಸುಕೇ, ಇರಲಿ ಬಿಡಿ. ಗೆಳೆಯನಿಗೂ ಇದನ್ನೇ ಹೇಳಿ ಇನ್ನೊಂದು ಫೋನ್ ಮಾಡಿದೆ.

ಈಗ ಯಾವ ಕಾರ್ಡು ಮಾಡಿದ್ರೂ ಒಂದು ಪ್ರಿಂಟ್ ತೆಗೆದು ಅಮ್ಮನ ಕೈಗೆ ಕೊಡ್ತೀನಿ. ಅವಳು ಚಿತ್ರ ನೋಡಲ್ಲ, ಮೊದಲು ಹೆಸರುಗಳನ್ನು ಓದ್ತಾಳೆ.