ಕಾಲುಚೀಲದ ಕಾಣಿಕೆ

ಕೊಡುಗೆಗಳಲ್ಲಿ ಎರಡು ಬಗೆಯುಂಟು. ಕೊಂಡು ಕೊಡುವುದು ಒಂದು, ಮಾಡಿ ಕೊಡುವುದು ಇನ್ನೊಂದು. ಕೊಂಡು ಕೊಟ್ಟುದರಲ್ಲಿ ಕೊಟ್ಟವರ ಹಣವಿರುತ್ತದೆ. ಮಾಡಿ ಕೊಟ್ಟುದರಲ್ಲಿ ಅವರ ಆಯುಷ್ಯದ ಒಂದಂಶವೇ ಸೇರಿರುತ್ತದೆ. ವ್ಯಯವಾದ ಹಣ ಮರಳಿ ಬಂದೀತು. ಸಂದ ದಿನಗಳು ಮರಳಿ ಬಾರವು. ಹೀಗೆ ಮಾಡಿ ಕೊಡುವ ಕಾಣಿಕೆಗಳಲ್ಲಿ ಅತ್ಯಂತ ವಿನಯಶಾಲಿಯಾದುದು ಕೈಯಿಂದ ಹೆಣೆದ ಉಣ್ಣೆಯ ಕಾಲುಚೀಲ. ಪೇಟವು ತಲೆಯ ಮೇಲೆ ಮೆರೆಯುತ್ತದೆ, ಹಾರವು ಎದೆಯ ಮೇಲೆ ಶೋಭಿಸುತ್ತದೆ. ಕಾಲುಚೀಲವಾದರೋ ಪಾದರಕ್ಷೆಯೊಳಗೆ ಅಡಗಿ, ಯಾರ ಕಣ್ಣಿಗೂ ಬೀಳದೆ, ತನ್ನ ಸೇವೆಯನ್ನು ಮುಗಿಸಿ ಸವೆದುಹೋಗುತ್ತದೆ. ಆದರೂ ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಮನೆಯ ಪ್ರತಿಯೊಬ್ಬರಿಗೂ ಒಂದು ಜೋಡಿ ಹೊಸ ಕಾಲುಚೀಲ ಸಿದ್ಧವಾಗಿರಬೇಕೆಂಬುದನ್ನು ಬಾಳಿನ ಒಂದು ದೊಡ್ಡ ಹೊಣೆಯೆಂದೇ ಭಾವಿಸಿದ ಜನವೊಂದು ಭೂಮಂಡಲದ ಉತ್ತರದ ಅಂಚಿನಲ್ಲಿದೆ. ಅದು ಐಸ್‌ಲೆಂಡ್ ದ್ವೀಪದ ಜನ.

ಕನ್ನಡ ಭಾಷೆ ಈ ಕೆಲಸಕ್ಕೆ ಇಟ್ಟಿರುವ ಹೆಸರು ಬಲು ಅರ್ಥಪೂರ್ಣವಾದುದು. ನೇಯುವುದು ಬೇರೆ, ಹೆಣೆಯುವುದು ಬೇರೆ. ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು, ಮಗ್ಗ ಬೇಕು. ಕುರಿಯ ಉಣ್ಣೆಯ ಕಂಬಳಿಯೂ ನೇಯ್ಗೆಯ ಮಗಳೇ. ಹಳಗನ್ನಡದ 'ಪೆಣೆ' ಎಂಬ ಧಾತುವಿನಿಂದ ಬಂದ ಹೆಣಿಗೆಯಾದರೋ ಜಡೆಯ, ಬಲೆಯ, ಬುಟ್ಟಿಯ ಬಳಗಕ್ಕೆ ಸೇರಿದುದು. ಕಾಲುಚೀಲದ ಹೆಣಿಗೆಯಲ್ಲಿ ಇರುವುದು ಒಂದೇ ಎಳೆ. ಆ ಎಳೆ ತನ್ನ ಕುಣಿಕೆಯೊಳಗೆ ತಾನೇ ನುಸುಳಿ, ಮತ್ತೊಂದು ಕುಣಿಕೆಯಾಗಿ, ಅದರೊಳಗಿಂದ ಮಗುದೊಂದನ್ನು ಹೊರತೆಗೆಯುತ್ತ ಸಾಗುತ್ತದೆ. ಪ್ರತಿಯೊಂದು ಕುಣಿಕೆಯೂ ತನ್ನ ಹಿಂದಿನದನ್ನು ಹಿಡಿದಿರುತ್ತದೆ, ಮುಂದಿನದರಿಂದ ಹಿಡಿಯಲ್ಪಟ್ಟಿರುತ್ತದೆ. ನಡುವೆ ಒಂದು ಕೈಬಿಟ್ಟರೂ ಮೇಲಿನಿಂದ ಕೆಳಗಿನವರೆಗೆ ಏಣಿಯಂತೆ ಬಿಚ್ಚಿಕೊಳ್ಳುತ್ತದೆ.

ಐಸ್‌ಲೆಂಡ್ ಉತ್ತರ ಧ್ರುವವೃತ್ತಕ್ಕೆ ತಾಗಿಯೇ ಇದೆಯೆನ್ನಬಹುದಾದ ನಾಡು. ಕ್ರಿ.ಶ. 9ನೆಯ ಶತಮಾನದ ಕೊನೆಯ ಭಾಗದಲ್ಲಿ ನಾರ್ವೆಯ ಕಡೆಯಿಂದ ಬಂದವರು ಅಲ್ಲಿ ನೆಲೆಸಿದರು. ಬರುವಾಗ ಹಡಗುಗಳಲ್ಲಿ ಕುರಿಗಳನ್ನೂ ತಂದರು. ಮರ ವಿರಳವಾದ, ಧಾನ್ಯ ಚೆನ್ನಾಗಿ ಬೆಳೆಯದ ಆ ನೆಲದಲ್ಲಿ ಕುರಿಯೇ ಅವರ ಹೊಲ, ಕುರಿಯೇ ಅವರ ಕಣಜ. ಅಲ್ಲಿಯ ಕುರಿಯ ಮೈಮೇಲೆ ಎರಡು ಪದರದ ಉಣ್ಣೆಯಿದೆ. ಹೊರಗಿನದು ಉದ್ದವಾಗಿ ಒರಟಾಗಿರುವ 'ತೋಗ್'. ಅದು ಮಳೆಯ ನೀರನ್ನು ಒಳಗೆ ಬಿಡದೆ ಜಾರಿಸುತ್ತದೆ. ಒಳಗಿನದು ಗಿಡ್ಡವಾಗಿ ಮೃದುವಾಗಿರುವ 'ಥೆಲ್'. ಅದು ಮೈಯ ಬಿಸುಪನ್ನು ಹೊರಗೆ ಹೋಗಗೊಡದು. ಮೊದಲು ಆ ಜನ ಉಣ್ಣೆಯಿಂದ ಬಟ್ಟೆ ನೇಯುತ್ತಿದ್ದರೇ ಹೊರತು ಹೆಣೆಯುವುದನ್ನು ಅರಿಯರು. ಕಡ್ಡಿಗಳ ಹೆಣಿಗೆ ಅಲ್ಲಿಗೆ ಬಂದುದು 16ನೆಯ ಶತಮಾನದಲ್ಲಿ. ಬಂದದ್ದೇ ತಡ, ಅದು ಮನೆಮನೆಯನ್ನೂ ಹೊಕ್ಕಿತು. ಮಗ್ಗಕ್ಕೆ ಜಾಗ ಬೇಕು. ಹೆಣಿಗೆಗೆ ಎರಡು ಕೈ ಸಾಕು. ಕೂತು ಹೆಣೆಯಬಹುದು, ನಿಂತು ಹೆಣೆಯಬಹುದು, ಕುರಿಯ ಹಿಂದೆ ನಡೆಯುತ್ತಲೂ ಹೆಣೆಯಬಹುದು.

ಚಳಿಗಾಲದ ನಡುವಿನಲ್ಲಿ ಆ ನಾಡಿನ ದಕ್ಷಿಣ ಭಾಗದಲ್ಲಿಯೇ ಹಗಲೆಂಬುದು ನಾಲ್ಕು ಗಂಟೆಗಳಷ್ಟು ಮಾತ್ರ. ಉಳಿದುದೆಲ್ಲ ಇರುಳು. ಹುಲ್ಲುಹೆಂಟೆಯ ಗೋಡೆಗಳಿಂದ ಕಟ್ಟಿದ ಮನೆಗಳಲ್ಲಿ 'ಬಾದ್‌ಸ್ತೋವಾ' ಎಂದು ಕರೆಯುತ್ತಿದ್ದ ಒಂದೇ ಕೋಣೆಯಲ್ಲಿ ಒಡೆಯನೂ ಆಳೂ ಮಕ್ಕಳೂ ಮುದುಕರೂ ತಮ್ಮ ತಮ್ಮ ಮಂಚದ ಮೇಲೆ ಕುಳಿತು ಕೆಲಸ ಮಾಡುತ್ತಿದ್ದರು, ಅಲ್ಲಿಯೇ ಮಲಗುತ್ತಿದ್ದರು. ಮೀನೆಣ್ಣೆಯ ಸಣ್ಣ ದೀಪವೊಂದು ಉರಿಯುತ್ತಿತ್ತು. ಒಬ್ಬರು ಉಣ್ಣೆ ಹಿಂಜುವರು, ಒಬ್ಬರು ನೂಲುವರು, ಉಳಿದವರು ಹೆಣೆಯುವರು. ಗಂಡಸಿನ ಕೆಲಸ, ಹೆಂಗಸಿನ ಕೆಲಸ ಎಂಬ ಭೇದ ಅಲ್ಲಿರಲಿಲ್ಲ. ಮೀಸೆ ಬಂದವರ ಕೈಯಲ್ಲೂ ಕಡ್ಡಿಗಳಿದ್ದವು. ಅವರೆಲ್ಲರ ನಡುವೆ ಒಬ್ಬರು ಮಾತ್ರ ಹೆಣಿಗೆಯನ್ನು ಬಿಟ್ಟು ದೀಪದ ಬಳಿ ಕುಳಿತು ಗ್ರಂಥವನ್ನು ಗಟ್ಟಿಯಾಗಿ ಓದುತ್ತಿದ್ದರು. ಪೂರ್ವಜರ ವೀರಗಾಥೆಗಳನ್ನು ಓದುವರು. ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ದಿನಗಳಲ್ಲಿ ಹಾಲ್‌ಗ್ರಿಮುರ್ ಪೇತುರ್ಸಾನ್ ಎಂಬ ಕವಿಪಾದ್ರಿ 17ನೆಯ ಶತಮಾನದಲ್ಲಿ ರಚಿಸಿದ 50 ಕೀರ್ತನೆಗಳನ್ನು ಹಾಡುವರು. ಈ ಸಂಜೆಯ ಜಾಗರಣೆಗೆ 'ಕ್ವೋಲ್ಡ್‌ವಾಕಾ' ಎಂದು ಹೆಸರು. ಸಾಹಿತ್ಯವೂ ಉಣ್ಣೆಯೂ ಒಂದೇ ದೀಪದ ಬೆಳಕಿನಲ್ಲಿ ಬೆಳೆದುದರಿಂದಲೇ ಆ ಬಡನಾಡಿನ ರೈತರು ತಮ್ಮ ಹಳೆಯ ಭಾಷೆಯನ್ನು ಕೆಡದಂತೆ ಕಾಪಾಡಿಕೊಂಡರೆಂದರೆ ತಪ್ಪಾಗಲಾರದು. ಕಿವಿ ಕಲಿಯುತ್ತಿತ್ತು, ಕೈ ದುಡಿಯುತ್ತಿತ್ತು. ಪಾಠಶಾಲೆಗಳಿಲ್ಲದ ಹಳ್ಳಿಗಳಿಗೆ ಆ ಕೋಣೆಯೇ ಪಾಠಶಾಲೆ.

ಕಾಲುಚೀಲ ಹೆಣೆಯುವುದು ಹೊರಗಿನಿಂದ ನೋಡುವವರಿಗೆ ಸುಲಭವಾಗಿ ಕಾಣುತ್ತದೆ. ವಾಸ್ತವವಾಗಿ ಅದೊಂದು ಲೆಕ್ಕದ ವಿದ್ಯೆ. ಎರಡೂ ತುದಿ ಚೂಪಾದ ನಾಲ್ಕೈದು ಕಡ್ಡಿಗಳ ಮೇಲೆ ಕುಣಿಕೆಗಳನ್ನು ವೃತ್ತಾಕಾರವಾಗಿ ಏರಿಸಿ, ಸುತ್ತಿನ ಮೇಲೆ ಸುತ್ತು ಬರುತ್ತ ಒಂದು ಕೊಳವೆಯನ್ನು ಇಳಿಸಬೇಕು. ಕೊಳವೆ ಎಂದೊಡನೆ ಕೆಲಸ ಮುಗಿಯಲಿಲ್ಲ. ಕಾಲು ಕೊಳವೆಯಂತೆ ನೆಟ್ಟಗಿಲ್ಲವಷ್ಟೆ. ಕಣಕಾಲಿನಿಂದ ಇಳಿದುಬಂದ ದಾರಿ ಹಿಮ್ಮಡಿಯಲ್ಲಿ ತಿರುಗಿ ಅಂಗಾಲಿನ ಕಡೆಗೆ ಹೊರಳುತ್ತದೆ. ಆ ತಿರುವೇ ಹೆಣಿಗೆಯ ಪರೀಕ್ಷೆ. ಅರ್ಧದಷ್ಟು ಕುಣಿಕೆಗಳನ್ನು ಸುಮ್ಮನೆ ಕಾಯಿಸಿಟ್ಟು, ಉಳಿದರ್ಧದ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿ ಒಂದು ಪಟ್ಟಿ ಮಾಡಿ, ಸಾಲು ಸಾಲಿಗೆ ಕುಣಿಕೆಗಳನ್ನು ಕುಗ್ಗಿಸುತ್ತ ಬಟ್ಟಲಿನಂತೆ ಬಗ್ಗಿಸಬೇಕು. ಆಮೇಲೆ ಪಟ್ಟಿಯ ಎರಡು ಅಂಚುಗಳಿಂದ ಹೊಸ ಕುಣಿಕೆಗಳನ್ನು ಎತ್ತಿಕೊಂಡು, ಕಾದಿದ್ದವುಗಳೊಡನೆ ಸೇರಿಸಿ ಮತ್ತೆ ವೃತ್ತಕ್ಕೆ ಬರಬೇಕು. ಬೆರಳುಗಳ ತುದಿಯಲ್ಲಿ ಕ್ರಮವಾಗಿ ಕುಗ್ಗಿಸಿ ಬಾಯಿ ಮುಚ್ಚಬೇಕು. ಇಷ್ಟರಲ್ಲಿ ಎಲ್ಲಿಯೂ ಹೊಲಿಗೆಯ ಗಂಟು ಇರಕೂಡದು. ಗಂಟಿದ್ದರೆ ಹತ್ತು ಹೆಜ್ಜೆಗೆ ನೋವು, ಹತ್ತು ಹರದಾರಿಗೆ ಹುಣ್ಣು. ಸುತ್ತೊಂದಕ್ಕೆ 60 ಕುಣಿಕೆಯಂತೆ 170 ಸುತ್ತು ಎಂದು ಲೆಕ್ಕ ಹಿಡಿದರೆ ಒಂದು ಕಾಲುಚೀಲಕ್ಕೆ 10,000ಕ್ಕೂ ಮೇಲ್ಪಟ್ಟು ಕುಣಿಕೆಗಳಾದವು. ಮುಗಿದ ಮೇಲೆ ಬಿಸಿನೀರಿನಲ್ಲಿ ನೆನೆಸಿ, ತಿಕ್ಕಿ, ತುಳಿದು, ಗಾಳಿ ತೂರದಷ್ಟು ದಟ್ಟ ಮಾಡುವ ರೂಢಿಯೂ ಐಸ್‌ಲೆಂಡಿನಲ್ಲಿತ್ತು. ಆ ಸಂಕೋಚಕ್ಕಾಗಿಯೇ ಮೊದಲು ಅಳತೆಗಿಂತ ದೊಡ್ಡದಾಗಿ ಹೆಣೆಯಬೇಕು. ಇಂದಿನ ಅಳತೆಯನ್ನು ಮಾತ್ರ ನೋಡುವ ಕೈ ನಾಳೆಯ ಕಾಲಿಗೆ ಹೆಣೆಯಲಾರದು.

ಇನ್ನೊಂದು ಕಷ್ಟವನ್ನು ಈ ಕಸಬಿನವರೆಲ್ಲರೂ ಬಲ್ಲರು. ಮೊದಲನೆಯ ಕಾಲುಚೀಲದಲ್ಲಿ ಕುತೂಹಲವಿರುತ್ತದೆ, ಎರಡನೆಯದರಲ್ಲಿ ಅದಿರುವುದಿಲ್ಲ. ಮಾಡಿದ್ದನ್ನೇ ಮಾಡಬೇಕು, ಅದೇ ಎಣಿಕೆ, ಅದೇ ತಿರುವು. ಒಂಟಿಯಾಗಿ ಉಳಿದ ಕಾಲುಚೀಲಗಳು ಎಷ್ಟೋ ಪೆಟ್ಟಿಗೆಗಳ ತಳದಲ್ಲಿವೆ. ಆದರೆ ಒಂದು ಕಾಲುಚೀಲ ಎಷ್ಟೇ ಸುಂದರವಾಗಿದ್ದರೂ ಅದು ಕಾಣಿಕೆಯಾಗದು. ಉತ್ಸಾಹ ಒಂದನ್ನು ಮುಗಿಸಬಲ್ಲುದು. ಜೋಡಿಯನ್ನು ಮುಗಿಸುವುದು ನಿಷ್ಠೆ. ಲೋಕದಲ್ಲಿ ಆರಂಭಶೂರರಿಗೆ ಕೊರತೆಯಿಲ್ಲ. ಎರಡನೆಯದನ್ನೂ ಅಷ್ಟೇ ಅಚ್ಚುಕಟ್ಟಾಗಿ ಮುಗಿಸುವವರಿಂದಲೇ ಮನೆಗಳೂ ಸಂಸ್ಥೆಗಳೂ ನಿಲ್ಲುತ್ತವೆ.

ಈ ಹೆಣಿಗೆಯ ಹಿಂದೆ ದುಃಖದ ಚರಿತ್ರೆಯೂ ಇದೆ. 1602ರಿಂದ 1787ರವರೆಗೆ ಐಸ್‌ಲೆಂಡಿನ ವ್ಯಾಪಾರವೆಲ್ಲ ಡೆನ್ಮಾರ್ಕಿನ ದೊರೆಯ ಅಪ್ಪಣೆ ಪಡೆದ ವರ್ತಕರ ಏಕಸ್ವಾಮ್ಯದಲ್ಲಿತ್ತು. ಹೊರಗಿನವರೊಡನೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಹಿಟ್ಟು ಬೇಕಾದರೆ, ಕಬ್ಬಿಣ ಬೇಕಾದರೆ, ಮೀನನ್ನೂ ಹೆಣೆದ ಕಾಲುಚೀಲ ಕೈಚೀಲಗಳನ್ನೂ ಆ ವರ್ತಕರು ಹೇಳಿದ ಬೆಲೆಗೆ ಒಪ್ಪಿಸಬೇಕು. ಸಾವಿರಗಟ್ಟಲೆ ಜೋಡಿ ಕಾಲುಚೀಲಗಳು ಹಡಗನ್ನೇರಿ ಪರದೇಶಗಳ ಕಾಲುಗಳನ್ನು ಸೇರಿದವು. ಅದರ ನಡುವೆ 1783ರ ಜೂನ್ ತಿಂಗಳಲ್ಲಿ ಲಾಕಿ ಎಂಬಲ್ಲಿ ನೆಲ ಸೀಳಿ ಅಗ್ನಿಪರ್ವತ ಬಾಯ್ತೆರೆಯಿತು. ಎಂಟು ತಿಂಗಳ ಕಾಲ ಉರಿಯಿತು. ವಿಷವಾಯುವಿನಿಂದ ಹುಲ್ಲು ಕೆಟ್ಟಿತು. ಹುಲ್ಲು ಮೇದ ಕುರಿಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಸತ್ತವು. ಕುರಿ ಹೋದ ಮೇಲೆ ಮನುಷ್ಯರ ಸರದಿ. ಹಸಿವಿನಿಂದಲೂ ರೋಗದಿಂದಲೂ ಐವರಲ್ಲಿ ಒಬ್ಬರಾದರೂ ಮಡಿದರು. ಅಂತಹ ನಾಡಿನಲ್ಲಿ ಮನೆಯ ಮಗುವಿನ ಕಾಲಿಗೆಂದು ಮೀಸಲಿಟ್ಟು ಹೆಣೆದ ಒಂದು ಜೋಡಿಯ ಬೆಲೆ ಏನೆಂಬುದನ್ನು ಊಹಿಸಬಹುದು. ಅದು ವರ್ತಕನಿಗೆ ಕೊಡದೆ ಉಳಿಸಿಕೊಂಡ ಉಣ್ಣೆ. ಸಾವಿಗೆ ಕೊಡದೆ ಉಳಿಸಿಕೊಂಡ ಪ್ರೀತಿ.

ಕ್ರಿಸ್‌ಮಸ್ಸಿನೊಳಗೆ ಆ ವರ್ಷದ ಉಣ್ಣೆಯ ಕೆಲಸವೆಲ್ಲ ಮುಗಿಯಬೇಕೆಂಬುದು ಆ ಮನೆಗಳ ಕಟ್ಟಳೆ. ಹಬ್ಬಕ್ಕೆ ಮುಂಚಿನ ವಾರದಲ್ಲಿ ಜನ ನಿದ್ದೆಗೆಟ್ಟು ದುಡಿಯುತ್ತಿದ್ದರು. ರೆಪ್ಪೆ ಮುಚ್ಚದಂತೆ ಚಿಕ್ಕ ಕಡ್ಡಿಗಳನ್ನು ಕಣ್ಣಿಗೆ ಆನಿಸುತ್ತಿದ್ದರೆಂದೂ ಹೇಳುವುದುಂಟು. ದುಡಿದವರಿಗೆ ಮನೆಯೊಡೆಯನು ಹೊಸದೊಂದು ಉಡುಪನ್ನೋ ಚರ್ಮದ ಪಾದರಕ್ಷೆಗಳನ್ನೋ ಕೊಡುವನು. ಮಕ್ಕಳ ಕೈಗೆ ಒಂದೊಂದು ಮೇಣದ ಬತ್ತಿ ಬರುವುದು. ಇದರೊಡನೆ ಒಂದು ಭಯವೂ ಬೆಳೆಯಿತು. 'ಯೋಲಾಕೊಟ್ಟುರಿನ್', ಎಂದರೆ ಕ್ರಿಸ್‌ಮಸ್ ಬೆಕ್ಕು, ಹಬ್ಬದ ರಾತ್ರಿ ಮನೆಗಳ ಸುತ್ತ ಅಲೆಯುತ್ತದೆ. ಹೊಸದೇನನ್ನೂ ತೊಡದವರನ್ನು ಹಿಡಿದು ತಿನ್ನುತ್ತದೆ! ಯೋನ್ ಆರ್ನಾಸನ್ ಎಂಬ ವಿದ್ವಾಂಸರು 1862ರಿಂದ 1864ರ ಅವಧಿಯಲ್ಲಿ ಪ್ರಕಟಿಸಿದ ಜನಪದ ಕಥಾಸಂಗ್ರಹದಲ್ಲಿ ಈ ಬೆಕ್ಕಿನ ಪ್ರಸ್ತಾಪವಿದೆ. ಸೋಮಾರಿಗೆ ಹೊಸ ಕಾಲುಚೀಲವಿಲ್ಲ. ಹೊಸ ಕಾಲುಚೀಲವಿಲ್ಲದವನಿಗೆ ಬೆಕ್ಕಿನ ಬಾಯಿ. ದುಡಿಸುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಆಳು ಬೇರೆ ಇರಲಾರದು.

ಆದರೆ ಈ ಕಥೆಯಲ್ಲಿ ಒಂದು ಅನ್ಯಾಯ ಅಡಗಿದೆ. ದುಡಿಯದ ಕಾರಣ ಕಾಲುಚೀಲ ದೊರೆಯದವನು ಒಬ್ಬ; ಹೆಣೆದುಕೊಡುವ ಕೈಯೇ ಇಲ್ಲದ ಅನಾಥನು ಇನ್ನೊಬ್ಬ; ಉಣ್ಣೆಯೇ ಇಲ್ಲದ ಬಡವಳ ಮಗ ಮತ್ತೊಬ್ಬ. ಬೆಕ್ಕಿಗೆ ಈ ಭೇದ ತಿಳಿಯದು. ಅದು ನೋಡುವುದು ಬರಿಗಾಲನ್ನು ಮಾತ್ರ. ಯೋಹಾನ್ನೆಸ್ ಉರ್ ಕೋಟ್ಲುಮ್ (1899-1972) ಎಂಬ ಕವಿ 1932ರಲ್ಲಿ ಮಕ್ಕಳಿಗಾಗಿ ಹೊರತಂದ ಕ್ರಿಸ್‌ಮಸ್ ಪದ್ಯಗಳ ಪುಸ್ತಕದಲ್ಲಿ ಈ ಬೆಕ್ಕಿನ ಮೇಲೊಂದು ಪದ್ಯವನ್ನು ಬರೆದರು. ಅವರು ಶಾಲೆಯ ಉಪಾಧ್ಯಾಯರಾಗಿದ್ದವರು. ತರಗತಿಯಲ್ಲಿ ಯಾವ ಮಗುವಿನ ಕಾಲು ಬರಿದಾಗಿದೆಯೆಂಬುದು ಉಪಾಧ್ಯಾಯನ ಕಣ್ಣಿಗೆ ಬೀಳದೆ ಇರುವುದಿಲ್ಲ. ಅವರ ಪದ್ಯದಲ್ಲಿ ಬೆಕ್ಕಿಗೆ ತುತ್ತಾಗುವವರು ಸೋಮಾರಿಗಳಲ್ಲ, ಬಡವರು. ಹಬ್ಬದ ಬೆಳಕಿಲ್ಲದೆ ಇರುವ ಮಕ್ಕಳು ಎಲ್ಲಾದರೂ ಇದ್ದಾರೆಯೇ ಎಂದು ಅರಸಿ ನೆರವಾಗಬೇಕೆಂಬ ಆಶಯದಲ್ಲಿ ಅದು ಮುಗಿಯುತ್ತದೆ. ಹಳೆಯ ಕಥೆ ಮಗುವನ್ನು ಕೇಳುತ್ತಿತ್ತು: 'ನೀನು ದುಡಿದೆಯಾ?' ಕವಿಯ ಕಥೆ ಊರನ್ನು ಕೇಳಿತು: 'ನೀವು ಕೊಟ್ಟಿರಾ?' ಬೆಕ್ಕು ಅದೇ, ಕಾಲುಚೀಲ ಅದೇ. ಹೊಣೆ ಮಾತ್ರ ಇಲ್ಲದವನ ಹೆಗಲಿನಿಂದ ಉಳ್ಳವನ ಹೆಗಲಿಗೆ ಬಂದಿತು. ಕೂಲಿಯಾಗಿದ್ದುದು ಕಾಣಿಕೆಯಾಯಿತು.

ಯಂತ್ರವಿರುವಾಗ ಕೈಯೇಕೆ ಎಂಬ ಪ್ರಶ್ನೆ ಹೊಸದಲ್ಲ. 1589ರಲ್ಲಿಯೇ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರವನ್ನು ರಚಿಸಿದನು. ಕೈಹೆಣಿಗೆಯ ಬಡವರು ಹೊಟ್ಟೆಗಿಲ್ಲದೆ ಹೋಗುವರೆಂದು ರಾಣಿ ಎಲಿಜಬೆತ್ ಅದಕ್ಕೆ ಸನ್ನದು ಕೊಡಲೊಪ್ಪಲಿಲ್ಲವೆಂದು ಹೇಳುತ್ತಾರೆ. ಕಾಲಕ್ರಮದಲ್ಲಿ ಯಂತ್ರವೇ ಗೆದ್ದಿತು. ಇಂದು ಜಗತ್ತು ತೊಡುವ ಕಾಲುಚೀಲಗಳೆಲ್ಲ ಬಹುಮಟ್ಟಿಗೆ ಯಂತ್ರದವೇ. ಹಾಗೆಂದು ಕೈ ಸೋಲಲಿಲ್ಲ. ಐಸ್‌ಲೆಂಡಿನ ಹೆಣಿಗೆಯವರು 1977ರಲ್ಲಿ ತಮ್ಮದೇ ಒಂದು ಸಂಘವನ್ನು ಕಟ್ಟಿಕೊಂಡರು. ರಾಜಧಾನಿ ರೆಕ್ಯಾವಿಕ್‌ನಲ್ಲಿ ಅವರ ಮಳಿಗೆಯಿದೆ. ಅದೇ ನಗರದ ಚೌಕದಲ್ಲಿ 2018ರಿಂದ ಹಬ್ಬದ ದಿನಗಳಲ್ಲಿ ಸಾವಿರಾರು ದೀಪಗಳ ದೊಡ್ಡ ಬೆಕ್ಕೊಂದನ್ನು ನಿಲ್ಲಿಸುತ್ತಾರೆ. ಮಕ್ಕಳು ಅದರ ಬಳಿ ನಗುತ್ತ ನಿಲ್ಲುತ್ತಾರೆ. ಭಯ ಹೋಗಿ ಆಟವಾಯಿತು. ಆದರೂ ಹಬ್ಬಕ್ಕೆ ಒಂದು ಜೋಡಿ ಕಾಲುಚೀಲವನ್ನು ಕೊಡುವ ಪದ್ಧತಿ ಹೋಗಲಿಲ್ಲ.

ಅದು ಹೋಗದಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಯಂತ್ರವು ಹೆಣೆಯುವಾಗ ಯಾರ ಕಾಲನ್ನೂ ನೆನೆಯುವುದಿಲ್ಲ. ಅದಕ್ಕೆ ಗೊತ್ತಿರುವುದು ಅಳತೆಯ ಅಂಕೆ. ಕೈಯಿಂದ ಹೆಣೆಯುವವರು ಇಪ್ಪತ್ತು ಸಾವಿರ ಕುಣಿಕೆಗಳ ಉದ್ದಕ್ಕೂ ಒಬ್ಬರನ್ನೇ ನೆನೆಯಬೇಕು: ಅವರ ಪಾದ ಎಷ್ಟು ಅಗಲ, ಹಿಮ್ಮಡಿ ಎಲ್ಲಿ ಬೇಗ ಸವೆಯುತ್ತದೆ, ಕಳೆದ ವರ್ಷದಿಂದೀಚೆಗೆ ಎಷ್ಟು ಬೆಳೆದಿದ್ದಾರೆ. ಅಷ್ಟು ಕಾಲ ಮತ್ತೊಬ್ಬರನ್ನು ನೆನೆಯುವುದೇ ಒಂದು ತಪಸ್ಸು. ತೊಟ್ಟವರು ಅದನ್ನು ಮರೆಯಬಹುದು. ಮರೆತರೂ ಪಾದ ಬೆಚ್ಚಗಿರುತ್ತದೆ. ಕಾಲುಚೀಲ ಒಂದೆರಡು ಚಳಿಗಾಲಗಳಲ್ಲಿ ಸವೆಯುತ್ತದೆ. ಸವೆಯುವಷ್ಟರಲ್ಲಿ ಅದನ್ನು ತೊಟ್ಟ ಮಗು ಹಿಮದಲ್ಲಿ ಎಷ್ಟೋ ದೂರ ನಡೆದು ದೊಡ್ಡದಾಗಿರುತ್ತದೆ. ಹೆಣೆದವರಿಗೆ ಸಲ್ಲಬೇಕಾದ ಫಲ ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಅವರು ಬಯಸಿದವರೂ ಅಲ್ಲ.