ಒಂದು ಕ್ಲಿಕ್ಕಿನ ಅಳತೆ

ಮಚ್ಛೆಯ ಕೈಗಾರಿಕಾ ಪ್ರದೇಶದಲ್ಲಿ ಹಗಲೆಲ್ಲ ಲೇಥ್ ಮುಂದೆ ನಿಂತು ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೆತ್ತುವವನಿಗೆ ಸಂಜೆ ಹೊತ್ತು ಏರ್ ರೈಫಲ್ ಹುಚ್ಚು ಹಿಡಿದರೆ ಅಚ್ಚರಿಯೇನಿಲ್ಲ. ಬಂದೂಕು ಈ ಭಾಗಕ್ಕೆ ಹೊಸದೂ ಅಲ್ಲ. ರಾಜ್ಯ ಮೀಸಲು ಪೊಲೀಸ್ ಪಡೆಯ ಎರಡನೇ ಬೆಟಾಲಿಯನ್ ಊರಲ್ಲೇ ಇದೆ. ಅತ್ತ ಬೆಳಗಾವಿ ಕ್ಯಾಂಪಿನಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ, ಇತ್ತ ಖಾನಾಪುರದಲ್ಲಿ ಪೊಲೀಸ್ ತರಬೇತಿ ಶಾಲೆ. ಆದರೆ ಹವ್ಯಾಸಿಯ ಕೈಗೆಟುಕುವುದು 4.5 ಮಿಲಿಮೀಟರ್ ಗುಳಿಗೆ ಹಾರಿಸುವ ಗಾಳಿಬಂದೂಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ 0.177 ಇಂಚು, ಗುಳಿಗೆಯ ಶಕ್ತಿ 20 ಜೌಲ್ ಮೀರದಿದ್ದರೆ ಅದಕ್ಕೆ ಪರವಾನಗಿಯ ಓಡಾಟವಿಲ್ಲ.

ಬಂದೂಕು ಬಂತು. ಇನ್ನು ದುರ್ಬೀನು ಬೇಕು. ಅಂಥವನು ಹೊಸ ಸ್ಕೋಪ್ ತಂದನೆಂದರೆ ಸುತ್ತ ಸೇರುವ ಗೆಳೆಯರ ಮೊದಲ ಪ್ರಶ್ನೆ ಒಂದೇ: "ಎಷ್ಟ್ ಪಟ್ ದೊಡ್ದ ಕಾಣ್ತೈತ್ರೀ?"

ಅಂಗಡಿಯವನೂ ಅದನ್ನೇ ಹೊಗಳಿ ಮಾರುತ್ತಾನೆ. ಸ್ಕೋಪಿನ ಮೇಲೆ 3-9x40 ಎಂದಿದ್ದರೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರ 40 ಮಿಲಿಮೀಟರ್ ಅಗಲ ಎಂದರ್ಥ. ಆ 40ನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ನಾಲ್ಕು ಪಟ್ಟಿನಲ್ಲಿ 10 ಮಿಲಿಮೀಟರ್, ಒಂಬತ್ತರಲ್ಲಿ ಬರೀ 4.4. ಮುಸ್ಸಂಜೆಗೆ ಕಣ್ಣಿನ ಪಾಪೆ ಅದಕ್ಕಿಂತ ದೊಡ್ಡದಾಗಿ ಅರಳುವುದರಿಂದ ಪಟ್ಟು ಏರಿಸಿದಷ್ಟೂ ಚಿತ್ರ ಮಬ್ಬು. ಜೊತೆಗೆ ಗುರಿಯನ್ನು ಹಿಗ್ಗಿಸುವ ಗಾಜು ಕೈಯ ನಡುಕವನ್ನೂ ಅಷ್ಟೇ ಹಿಗ್ಗಿಸಿ ತೋರಿಸುತ್ತದೆ. ಹನ್ನೆರಡು ಪಟ್ಟಿನಲ್ಲಿ ಎದೆಬಡಿತಕ್ಕೆ ತಕ್ಕಂತೆ ಗೆರೆ ಕುಣಿಯುವುದನ್ನು ಕಂಡವರು ತೆಪ್ಪಗೆ ಆರಕ್ಕಿಳಿಯುತ್ತಾರೆ.

ಗಾಳಿಬಂದೂಕಿಗೆ ಇನ್ನೊಂದು ತೊಡಕಿದೆ, ಮತ್ತು ಇದೇ ಎಲ್ಲಕ್ಕಿಂತ ಸೊಗಸಾದದ್ದು. ಮದ್ದಿನ ರೈಫಲ್ ಹಿಂದಕ್ಕೆ ಒದೆಯುತ್ತದೆ. ದುಬಾರಿ ಸ್ಕೋಪುಗಳನ್ನು ಆ ಹೊಡೆತ ತಾಳುವಂತೆ ಕಟ್ಟಿರುತ್ತಾರೆ. ಸ್ಪ್ರಿಂಗ್ ಬಂದೂಕಿನ ನಡತೆಯೇ ಬೇರೆ. ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಬಂದೂಕು ಮೊದಲು ಹಿಂದೆ ಸರಿಯುತ್ತದೆ, ಪಿಸ್ಟನ್ ಕೊನೆ ಮುಟ್ಟಿ ಅಪ್ಪಳಿಸಿದಾಗ ಮುಂದಕ್ಕೆ ಚಿಮ್ಮುತ್ತದೆ. ದೊಡ್ಡ ರೈಫಲ್ಲಿನ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪು ಈ ಆಟಿಕೆಯಂಥ ಬಂದೂಕಿನ ಮೇಲೆ ಕೆಲವೇ ದಿನಗಳಲ್ಲಿ ಒಳಗಿನ ಮಸೂರ ಸಡಿಲಿಸಿಕೊಂಡು ಕೂರುವುದುಂಟು. ಆದ್ದರಿಂದ ಕೊಳ್ಳುವಾಗ 'ಸ್ಪ್ರಿಂಗ್ ಬಂದೂಕಿಗೆ ನಡೆಯುತ್ತದೆ' ಎಂದು ತಯಾರಕರೇ ಬರೆದಿದ್ದಾರೆಯೇ ಎಂದು ಹುಡುಕಬೇಕು.

ದೂರದ ಮಾತೂ ಇದೆ. ಮದ್ದಿನ ರೈಫಲ್ಲಿಗೆಂದು ಮಾಡಿದ ಸಾಮಾನ್ಯ ಸ್ಕೋಪಿನ ನೋಟ ನೂರು ಗಜಕ್ಕೆ ಹೊಂದಿಸಿರುತ್ತದೆ. ಹಿತ್ತಲಿನ ಹತ್ತು ಮೀಟರಿಗೆ ಹಿಡಿದರೆ ಗುರಿ ಮಸುಕು. ಕಣ್ಣು ಒಂದಿಷ್ಟು ಪಕ್ಕಕ್ಕೆ ಸರಿದರೆ ಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ಮುಂದಿನ ಮಸೂರವನ್ನೋ ಬದಿಯ ಗುಂಡಿಯನ್ನೋ ತಿರುಗಿಸಿ ಹತ್ತು ಗಜದವರೆಗೆ ಇಳಿಸಬಲ್ಲ ಸ್ಕೋಪೇ ಇಲ್ಲಿ ಉಪಯೋಗಕ್ಕೆ ಬರುವುದು.

ಇನ್ನು ಕ್ಲಿಕ್ಕು. ಗುಂಡಿ ತಿರುಗಿಸಿದಾಗ 'ಟಿಕ್' ಎನ್ನುವ ಒಂದೊಂದು ಸದ್ದಿಗೂ ಬಹುಪಾಲು ಸ್ಕೋಪುಗಳಲ್ಲಿ ಗುರಿ ಕಾಲು ಕೋನನಿಮಿಷ ಸರಿಯುತ್ತದೆ. ನೂರು ಮೀಟರಿನಲ್ಲಿ ಅದು ಸುಮಾರು 7 ಮಿಲಿಮೀಟರ್, ಹತ್ತು ಮೀಟರಿನಲ್ಲಿ 0.7. ಅಂತರರಾಷ್ಟ್ರೀಯ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತರ ಚುಕ್ಕೆಯ ಅಗಲ 0.5 ಮಿಲಿಮೀಟರ್! ಸ್ಕೋಪಿನ ಒಂದು ಕ್ಲಿಕ್ಕಿಗಿಂತ ಚಿಕ್ಕದು. ಆ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲ. ಹಿಂದೊಂದು ಕಿರುರಂಧ್ರ, ಮುಂದೊಂದು ಉಂಗುರ, ಉಂಗುರದ ನಡುವೆ ಕರಿ ವೃತ್ತ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇಂಥ ರಂಧ್ರದಲ್ಲಿ ಕಣ್ಣಿಟ್ಟೇ. ಕೊಡವರು ಕೈಲ್ ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡಿಡುವಾಗಲೂ ಗಾಜಿನ ಹಂಗಿಲ್ಲ.

ಮಚ್ಛೆಯವನ ಕೈಚಳಕ ಕಾಣುವುದು ಸ್ಕೋಪು ಕೂರಿಸುವಲ್ಲಿ. ಗಾಳಿಬಂದೂಕಿನ ಬೆನ್ನ ಮೇಲಿನ ಹಳಿ ಸಾಮಾನ್ಯವಾಗಿ 11 ಮಿಲಿಮೀಟರಿನದು. ಸೇನೆಯ ರೈಫಲ್ಲುಗಳಲ್ಲಿ ಕಾಣುವ ಪಿಕಾಟಿನಿ ಹಳಿ 21ರದು. ಒಂದರ ರಿಂಗು ಇನ್ನೊಂದಕ್ಕೆ ಕೂರದು. ರಿಂಗು ಹಿಂದೆ ಜಾರದಂತೆ ತಡೆಮೊಳೆ ಬೇಕು. ಸ್ಕೋಪಿನ ಕೊಳವೆ ತೆಳು ಅಲ್ಯೂಮಿನಿಯಂ. ಅಲೆನ್ ಕೀಯನ್ನು ಜೋರಾಗಿ ತಿರುಗಿಸಿದರೆ ಕೊಳವೆಯೇ ನೆಗ್ಗುತ್ತದೆ, ಸಡಿಲ ಬಿಟ್ಟರೆ ಗುರಿ ಅಲೆಯುತ್ತದೆ. ನಾಲ್ಕು ತಿರುಪುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ಎರಡೂ ಬದಿಯ ಸಂದು ಸಮವಾಗಿದೆಯೇ ಎಂದು ಮತ್ತೆ ಮತ್ತೆ ನೋಡುವ ಈ ಕೆಲಸದಲ್ಲಿ ಗುರಿ ಹೊಡೆಯುವಷ್ಟೇ ಸುಖವಿದೆ. ಗುಂಡು ದಾರಿ ತಪ್ಪಿದಾಗ ಗಾಜನ್ನು ಬೈಯುವ ಗೆಳೆಯನಿಗೆ ಅವನ ಉತ್ತರವೂ ಸಿದ್ಧ: "ಮೊದ್ಲ ಸ್ಕ್ರೂ ನೋಡ್ರಿ."

ಆಮೇಲೆ ಮಳೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯಿಂದ ಜೂನ್‌ನಲ್ಲಿ ಶುರುವಾದ ಮೋಡ ಖಾನಾಪುರ ಸೀಮೆಯ ಮೇಲೆ ತಿಂಗಳುಗಟ್ಟಲೆ ಕೂರುತ್ತದೆ. ಸಾರಜನಕ ತುಂಬಿ ಮುಚ್ಚಿದ ಸ್ಕೋಪಿನ ಒಳಗೆ ಹಬೆ ಕಟ್ಟದು. ಹಾಗಿಲ್ಲದ ಅಗ್ಗದ್ದರಲ್ಲಿ ಮಸೂರದ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಇದಕ್ಕಿಂತ ಮೋಸದ್ದು ಫೋಮ್ ತುಂಬಿದ ಚೆಂದದ ಪೆಟ್ಟಿಗೆ. ಅಂಗಡಿಯಲ್ಲಿ ಅದನ್ನು ಕಂಡರೆ ಮನಸ್ಸು ಕರಗುತ್ತದೆ, ಮಳೆಗಾಲದಲ್ಲಿ ಅದು ತೇವ ಹೀರಿಕೊಂಡು ನಳಿಗೆಯನ್ನು ತುಕ್ಕಿಗೆ ಒಪ್ಪಿಸುತ್ತದೆ. ತೆಳ್ಳಗೆ ಎಣ್ಣೆ ಒರೆಸಿ, ಗಾಳಿಯಾಡುವ ಕಪಾಟಿನಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ನಿಲ್ಲಿಸುವುದೇ ವಾಸಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಮಾತ್ರ ಬೇಕೇ ಬೇಕು, ಗಟ್ಟಿ ಗೋಡೆಗೋ ಕಬ್ಬಿಣಕ್ಕೋ ಬಡಿದ ಸೀಸದ ಗುಳಿಗೆ ಹೊಡೆದವನತ್ತಲೇ ತಿರುಗಿ ಬರಬಹುದು.

ಕೆಂಪು ಚುಕ್ಕೆಯ ಸೈಟಿನ ಮೋಹವೂ ಈಗ ಹರಡಿದೆ. ಎರಡೂ ಕಣ್ಣು ತೆರೆದು ಬೇಗ ಗುರಿ ಹಿಡಿಯಲು ಅದು ನಿಜಕ್ಕೂ ಅನುಕೂಲ. ಆದರೆ ಅಸ್ಟಿಗ್ಮಾಟಿಸಂ ಇದ್ದವರ ಕಣ್ಣಿಗೆ ಚುಕ್ಕೆ ಒಡೆದು ಬಾಲ ಬಿಟ್ಟಂತೆ ಕಾಣುತ್ತದೆ. ಸಾಮಾನ್ಯವಾದ ಎರಡು ಕೋನನಿಮಿಷದ ಚುಕ್ಕೆ ಹತ್ತು ಮೀಟರಿನಲ್ಲಿ ಸುಮಾರು 6 ಮಿಲಿಮೀಟರ್ ಜಾಗ ಮುಚ್ಚುತ್ತದೆ, ಅಂದರೆ ಗುಳಿಗೆ ಮಾಡುವ ತೂತಿಗಿಂತಲೂ ದೊಡ್ಡದು. ಕಾಗದದ ಗುರಿಗೆ ಇದು ದಂಡದ ಖರ್ಚು.

ಕೊಂಡ ಸ್ಕೋಪನ್ನು ಪರೀಕ್ಷಿಸುವ ಹಳೆಯ ಉಪಾಯವೊಂದಿದೆ. ಬಂದೂಕನ್ನು ಮರಳು ಚೀಲದ ಮೇಲಿಟ್ಟು ಮೂರು ಗುಳಿಗೆ ಹೊಡೆಯಬೇಕು. ಇಪ್ಪತ್ತು ಕ್ಲಿಕ್ ಬಲಕ್ಕೆ ತಿರುಗಿಸಿ, ಗುರಿ ಮಾತ್ರ ಅದೇ ಚುಕ್ಕೆಗೆ ಹಿಡಿದು, ಮತ್ತೆ ಮೂರು. ಇಪ್ಪತ್ತು ಕೆಳಕ್ಕೆ, ಇಪ್ಪತ್ತು ಎಡಕ್ಕೆ, ಕೊನೆಗೆ ಇಪ್ಪತ್ತು ಮೇಲಕ್ಕೆ. ಒಳ್ಳೆಯ ಸ್ಕೋಪಾದರೆ ಕಾಗದದ ಮೇಲೆ ಚೌಕ ಮೂಡಿ, ಕೊನೆಯ ಗುಳಿಗೆಗಳು ಮೊದಲ ತೂತಿನಲ್ಲೇ ಹೋಗಿ ಬೀಳುತ್ತವೆ. ಚೌಕ ಸೊಟ್ಟಗಾದರೆ, ಬಿಲ್ಲು ಇನ್ನೂ ಕೈಯಲ್ಲಿರುವಾಗಲೇ ಬೆಳಗಾವಿಯ ಬಸ್ಸು ಹತ್ತುವುದು ಲೇಸು.