ಬಡ್ತಿ ಪತ್ರದೊಳಗಿನ ಕಾರು

ಪರಿಸರಕ್ಕಾಗಿ ನಿಮ್ಮ ಎಚ್‌ಆರ್ ವಿಭಾಗ ಏನು ಮಾಡುತ್ತಿದೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರ ಸಿದ್ಧವಿರುತ್ತದೆ: ಸಂಬಳದ ಚೀಟಿ ಮುದ್ರಿಸುವುದಿಲ್ಲ, ಸಂದರ್ಶನವೆಲ್ಲ ಆನ್‌ಲೈನ್, ಜೂನ್ 5ರ ಪರಿಸರ ದಿನಕ್ಕೆ ಗಿಡ ನೆಡುತ್ತೇವೆ. ಹೇಳುವುದು ಸುಳ್ಳಲ್ಲ. ಆದರೂ ಒಳಗೊಳಗೇ ಮುಜುಗರ. ಇವುಗಳಲ್ಲಿ ಯಾವುದಕ್ಕೂ ನಾನಾಗಲಿ, ನನಗಿಂತ ಮೇಲಿನವರಾಗಲಿ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ.

ನಮ್ಮ ನಿಜವಾದ ಅಧಿಕಾರ ಇರುವುದು ಬಡ್ತಿ ಪತ್ರದಲ್ಲಿ. ಮ್ಯಾನೇಜರ್ ಆದರೆ ಕಾರ್ ಲೀಸ್, ಪೆಟ್ರೋಲ್ ಬಿಲ್ಲು. ಇನ್ನೂ ಮೇಲೇರಿದರೆ ಡ್ರೈವರ್ ಸಂಬಳ, ನೆಲಮಾಳಿಗೆಯಲ್ಲಿ ಹೆಸರು ಬರೆದ ಪಾರ್ಕಿಂಗ್ ಜಾಗ. ಬಿಎಂಟಿಸಿ ಪಾಸು ಹಿಡಿದು ಬರುವ ಹುಡುಗಿಗೆ ಅದೇ ಪತ್ರದಲ್ಲಿ ಒಂದು ಸಾಲೂ ಇಲ್ಲ. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಒಬ್ಬೊಬ್ಬರೇ ಕೂತ ಕಾರುಗಳು ತೆವಳುವುದನ್ನು ಕಂಡಾಗ ಸರ್ಕಾರವನ್ನು ಬೈಯುತ್ತೇವೆ. ಅವುಗಳಲ್ಲಿ ಕೆಲವನ್ನು ರಸ್ತೆಗಿಳಿಸಿದ್ದು ನನ್ನ ಸಹಿ ಇರುವ ಪತ್ರಗಳು. ಇದನ್ನು ತಿದ್ದಲು ಹಿಂಜರಿಕೆ ಯಾಕೆ ಎಂದು ನನ್ನನ್ನೇ ಕೇಳಿಕೊಂಡರೆ ಸಿಗುವ ಉತ್ತರ ಹಿತವಾಗಿಲ್ಲ: ಆ ಸೌಲಭ್ಯ ನನಗೂ ಇದೆ, ಅದು ತಂದುಕೊಡುವ ಮರ್ಯಾದೆ ನನಗೆ ಇಷ್ಟ.

ಈ ಓಡಾಟದ ಹೊಗೆಯ ಲೆಕ್ಕಕ್ಕೆ ಬರೋಣ. 2022–23ರಿಂದ ಷೇರು ಮಾರುಕಟ್ಟೆಯ ಅಗ್ರ 1,000 ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ ಸಲ್ಲಿಸುವುದನ್ನು ಮಾರುಕಟ್ಟೆ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಕಂಪನಿ ತಾನೇ ಸುಡುವ ಇಂಧನ, ಕೊಳ್ಳುವ ವಿದ್ಯುತ್ತು ಇವುಗಳ ಇಂಗಾಲದ ಲೆಕ್ಕವನ್ನು ಅದರಲ್ಲಿ ಕೊಡಲೇಬೇಕು. ನೌಕರರ ಮನೆ–ಕಚೇರಿ ಓಡಾಟ ಮಾತ್ರ ಸ್ಕೋಪ್ 3, ಅಂದರೆ ಇತರ ಪರೋಕ್ಷ ಹೊರಸೂಸುವಿಕೆಯ ಅಡಿ ಬರುತ್ತದೆ. ಅದನ್ನು ತುಂಬುವುದು ಕಂಪನಿಯ ಇಚ್ಛೆ. ಎಚ್‌ಆರ್ ನೇರವಾಗಿ ಬದಲಿಸಬಹುದಾದದ್ದೇ ಐಚ್ಛಿಕ ಕಾಲಂಗೆ ಹೋಗಿ ಕೂತಿದೆ. ಆ ಕಾಲಂ ಖಾಲಿ ಬಿಟ್ಟರೂ ಯಾರೂ ಕೇಳುವುದಿಲ್ಲ ಎಂಬ ನಿರಾಳ ನನ್ನಲ್ಲೂ ಇದೆ. ಆ ನಿರಾಳವೇ ನನಗೆ ಹೆದರಿಕೆ ಹುಟ್ಟಿಸುತ್ತದೆ.

ಇನ್ನು ತರಬೇತಿ. ಹಸಿರು ಎಚ್‌ಆರ್ ಕುರಿತು ಡಗ್ಲಾಸ್ ರೆನ್‌ವಿಕ್ ಮತ್ತು ಸಂಗಡಿಗರು 2013ರಲ್ಲಿ ಬರೆದ ಲೇಖನ ಮೂರು ಸಂಗತಿಗಳ ಮೇಲೆ ನಿಂತಿದೆ: ಸಾಮರ್ಥ್ಯ, ಪ್ರೇರಣೆ, ಅವಕಾಶ. ಮೊದಲನೆಯದಕ್ಕೆ ನಮ್ಮಲ್ಲಿ ಸ್ಲೈಡುಗಳಿವೆ. ಎರಡನೆಯದರ ಕಥೆ ಮೇಲೆ ಹೇಳಿದ ಕಾರಿನದೇ. ಮೂರನೆಯದು ಯಾರಿಗೆ ಸಿಕ್ಕಿಲ್ಲ ಎಂದು ನೋಡಬೇಕಾದರೆ ಊಟದ ಹೊತ್ತು ಮುಗಿದ ಮೇಲೆ ಪ್ಯಾಂಟ್ರಿಗೆ ಹೋಗಬೇಕು. ಹೌಸ್‌ಕೀಪಿಂಗ್ ಅಕ್ಕ ಹಸಿ ಕಸದ ಡಬ್ಬಿಗೆ ಮೊಣಕೈವರೆಗೆ ಕೈಹಾಕಿ, ಸಾರು ಮೆತ್ತಿದ ಪ್ಲಾಸ್ಟಿಕ್ ಚಮಚಗಳನ್ನೂ ಟೀ ಕಪ್ಪುಗಳನ್ನೂ ಹೆಕ್ಕುತ್ತಿರುತ್ತಾರೆ. ಯಾವ ಮಹಡಿಯವರು ಎಷ್ಟು ಅನ್ನ ಚೆಲ್ಲುತ್ತಾರೆ, ಯಾವ ದಿನದ ಪಲ್ಯವನ್ನು ಯಾರೂ ಮುಟ್ಟುವುದಿಲ್ಲ, ಎಲ್ಲ ಅವರಿಗೆ ಗೊತ್ತು. ಗುತ್ತಿಗೆ ಏಜೆನ್ಸಿಯವರು ಎಂಬ ಕಾರಣಕ್ಕೆ ಅವರು ನಮ್ಮ ಪರಿಸರ ಸಮಿತಿಯಲ್ಲಿಲ್ಲ. ತಿಳಿದವರನ್ನು ಹೊರಗಿಟ್ಟು ತಿಳಿಯದವರಿಗೆ ಪ್ರಮಾಣಪತ್ರ ಕೊಡುವುದು ಅನ್ಯಾಯ.

ಈ ವೃತ್ತಿಯಲ್ಲಿರುವ ಗೆಳೆಯರಲ್ಲಿ ಕೋರಿಕೆ ಇಷ್ಟೆ. ಈ ಸಲದ ಅಪ್ರೈಸಲ್ ಪತ್ರಗಳು ಹೊರಡುವ ಮೊದಲು, ಕಾರು ಬೇಡ ಎನ್ನುವವರಿಗೆ ಅಷ್ಟೇ ಮೊತ್ತದ ಬಸ್–ಮೆಟ್ರೊ ಭತ್ಯೆ ಸೇರಿಸಿ. ಸಮಿತಿಯಲ್ಲಿ ಒಂದು ಕುರ್ಚಿ ಹೌಸ್‌ಕೀಪಿಂಗ್‌ನವರಿಗೆ ಕೊಡಿ, ಸಭೆಯ ಹೊತ್ತಿಗೆ ಸಂಬಳವನ್ನೂ ಕೊಡಿ. ಕಾರು ಬಿಡುವವರ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದೇ ಇರಲಿ. ನಮ್ಮಲ್ಲಿ ನನ್ನದನ್ನು ಬರೆಸಿದ್ದೇನೆ.